ಮೇಷ್ಟ್ರ ಕಲ್ಲಿಗೆ ಕುಂಕುಮ

ನಾನು ಜಪಾನಿನ ತ್ಸುಕುಬಾಕ್ಕೆ ಬಂದ ಹೊಸತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನ ಹಿರಿಯ ಮೇಷ್ಟ್ರು ಒಂದು ದಿನ, ನನಗೆ ಸಮಾಧಾನವಾಗಲಿ ಎಂದೇ ಇರಬೇಕು, ತಾವಾಗಿ ಮಾತು ತೆಗೆದರು. "ಈ ಕಡೆ ಗಣಿತ ಕಲಿಸೋಕೆ ಬಂದ ಹೊರದೇಶದವರು ನೀವೊಬ್ರೇ ಅಲ್ಲ. ಬೆಟ್ಟದ ಬುಡದ ಊರಲ್ಲಿ ಇನ್ನೊಬ್ರಿದ್ದಾರೆ. ಸ್ಕಾಟ್‌ಲ್ಯಾಂಡಿನವರು."

ಹೋದ ಜೀವ ಬಂದಂತಾಯಿತು. ಅವರ ಫೋನ್ ನಂಬರ್ ಇದೆಯೇ ಎಂದು ಕೇಳಿದೆ. ಪಕ್ಕದ ಮೇಜಿನವರು ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟು, "ಸುಮಿಮಾಸೆನ್, ಕ್ಷಮಿಸಿ, ಅವರು ತೀರಿಕೊಂಡಿದ್ದಾರೆ. ಮೇಜಿ ಕಾಲದಲ್ಲಿ," ಎಂದರು. ಮೇಜಿ ಕಾಲವೆಂದರೆ ಅತ್ತ ಬ್ರಿಟನ್ನಿನಲ್ಲಿ ವಿಕ್ಟೋರಿಯಾ ರಾಣಿ ಆಳುತ್ತಿದ್ದ ಕಾಲ. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಅವರ ಮಟ್ಟಿಗೆ ಗೋರಿಯೊಳಗಿನವರೂ ಆ ಊರಿನಲ್ಲಿ ಇರುವವರೇ.

ನಾನು ಗದಗಿನ ಕಡೆಯವಳು. ಧಾರವಾಡದಲ್ಲಿ ಓದಿ, ಬೆಂಗಳೂರಿನ ಶಾಲೆಯೊಂದರಲ್ಲಿ ತಲೆ ನರೆಯುವ ತನಕ ಗಣಿತ ಕಲಿಸಿದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಬೇಜಾರು ಬಂದು, ಈಗ ಕೇಳಿದವರನ್ನು ಸುಮ್ಮನೆ ದಿಟ್ಟಿಸಿ ನೋಡುತ್ತೇನೆ. ಅವರೇ ಮಾತು ಬದಲಿಸುತ್ತಾರೆ. ಅವ್ವ ತೀರಿಕೊಂಡ ಮೇಲೆ ಬೆಂಗಳೂರಿನ ಮನೆಯಲ್ಲಿ ಸಂಜೆಗಳು ಸರಿಯದೇ ಹೋದವು. ಟೋಕಿಯೋದ ನಿಶಿ ಕಸಾಯಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ತ್ಸುಕುಬಾದಲ್ಲಿ ವಿಜ್ಞಾನಿಗಳ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ ಮಾಡುವ ಶಾಲೆಗೆ ಗಣಿತದ ಟೀಚರ್ ಬೇಕಂತೆ ಎಂದು ಹೇಳಿದಳು. ಹಿಂದೆ ಮುಂದೆ ನೋಡದೆ ಹೊರಟುಬಂದೆ. ಒಂಟಿತನ ಊರಿನಲ್ಲೇ ಉಳಿಯುತ್ತದೆ ಎಂದುಕೊಂಡಿದ್ದೆ. ಅದು ನನಗಿಂತ ಮೊದಲೇ ವಿಮಾನ ಹತ್ತಿ ಬಂದು ಕೂತಿತ್ತು.

ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಮಕ್ಕಳಿರುತ್ತಿದ್ದರು, ಗದರಿಸಲು ಬಾಯಿಗೆ ಕೆಲಸವಿರುತ್ತಿತ್ತು. ಭಾನುವಾರ ಮಾತ್ರ ಸಾಕುಸಾಕಾಗುತ್ತಿತ್ತು. ಇಡೀ ದಿನದಲ್ಲಿ ನನ್ನನ್ನು ಉದ್ದೇಶಿಸಿ ಯಾರಾದರೂ ಆಡುವ ಮಾತೆಂದರೆ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಹೆಂಗಸು ಊಟದ ಡಬ್ಬಿ ಎತ್ತಿ ಹಿಡಿದು ಕೇಳುವ "ಬಿಸಿ ಮಾಡಲೇ?" ಎಂಬುದೊಂದೇ. ಆ ಮಾತಿಗಾಗಿಯೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಒಮ್ಮೆ ಬರೀ ಮೊಸರು ಕೊಂಡಿದ್ದೆ. ಅವಳು ಕೇಳಲಿಲ್ಲ, ಮೊಸರನ್ನು ಯಾರು ಬಿಸಿ ಮಾಡುತ್ತಾರೆ. ಮನೆಗೆ ಬಂದು ಕೂತಾಗ ಕಣ್ಣಲ್ಲಿ ನೀರು. ಮೊಸರಿಗೋಸ್ಕರ ಅಳುವ ಮಟ್ಟಕ್ಕೆ ಬಂದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮುಂದಿನ ಭಾನುವಾರ ಸೈಕಲ್ ಹತ್ತಿ ಬೆಟ್ಟದ ಕಡೆ ಹೊರಟೆ. ಸತ್ತವರಾದರೇನು, ಗಣಿತದ ಮೇಷ್ಟ್ರಲ್ಲವೇ.

ಹಳೆಯ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿ ನೇರವಾಗಿ ಆ ಊರಿಗೆ ಹೋಗುತ್ತದೆ. ಊರಿನಲ್ಲಿ ತೆರೆದ ಮನೆಗಳಿಗಿಂತ ಮುಚ್ಚಿದ ಮನೆಗಳೇ ಹೆಚ್ಚು. ಬೌದ್ಧ ದೇಗುಲದ ಹಿಂದಿನ ಸ್ಮಶಾನದಲ್ಲಿ, ಇತರ ಗೋರಿಗಳಿಂದ ತುಸು ದೂರದಲ್ಲಿ, ಬೆಟ್ಟಕ್ಕೆ ಮುಖ ಮಾಡಿ ಅವರ ಕಲ್ಲು ನಿಂತಿತ್ತು. ಒಂದು ಬದಿಗೆ ಜಪಾನಿ ಬರಹ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ಹೆಸರು. ಹೆಸರಿನ ಅಕ್ಷರಗಳು ಸವೆದು ಪಾಚಿ ಹತ್ತಿ ಅರ್ಧಕ್ಕರ್ಧ ಅಳಿಸಿಹೋಗಿದ್ದವು. ಕಲ್ಲಿನ ಬುಡ ಮಾತ್ರ ಗುಡಿಸಿ ಚೊಕ್ಕಟವಾಗಿತ್ತು, ಬಿದಿರಿನ ಹೂದಾನಿಯಲ್ಲಿ ತಾಜಾ ಸೇವಂತಿಗೆ ಇತ್ತು. ದೇಗುಲದವರ ಕೆಲಸವಿರಬೇಕು ಎಂದುಕೊಂಡೆ.

ದೇಗುಲದ ಗುರುಗಳು ನನ್ನ ಶಿಷ್ಯರಾಗಬಹುದಾದ ವಯಸ್ಸಿನವರು, ಇಂಗ್ಲಿಷ್ ಬಲ್ಲವರು. ಮೇಷ್ಟ್ರ ಶಿಷ್ಯರು ತಮ್ಮ ಮುಪ್ಪಿನಲ್ಲಿ ಹೇಳಿದ ನೆನಪುಗಳದೊಂದು ತೆಳು ಪುಸ್ತಕ ಊರಿನ ಲೈಬ್ರರಿಯಲ್ಲಿತ್ತು. ಅದನ್ನು ತಂದು, ಬಿಡುವಾದಾಗಲೆಲ್ಲ ಕೊಂಚ ಕೊಂಚ ಓದಿ ನನಗೆ ಅರ್ಥ ಹೇಳಿದರು. ಮೇಷ್ಟ್ರ ಬದುಕು ನನಗೆ ಹಾಗೆ ಕಂತು ಕಂತಾಗಿ ಸಿಕ್ಕಿತು.

ಮೇಷ್ಟ್ರ ಅಪ್ಪ ಕೈಮಗ್ಗದ ನೇಕಾರ. ಆ ಮಾತು ಬಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಾನು ಹುಟ್ಟಿದ ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದಿಲ್ಲದ ಮನೆ ಇರಲಿಲ್ಲ. ಯಂತ್ರದ ಗಿರಣಿ ಬಂದು ಮೇಷ್ಟ್ರ ಅಪ್ಪನ ಮಗ್ಗ ನಿಂತಿತು, ಅಲ್ಲಿಯ ಕಥೆಯೂ ಅದೇ. ಓದಿನಲ್ಲಿ ಚುರುಕಿದ್ದ ಮಗನನ್ನು ಊರ ಶಾಲೆಯಲ್ಲೇ ಕಿರಿಯ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಹಚ್ಚಿದರಂತೆ. ಮೀಸೆ ಮೂಡುವ ಮೊದಲೇ ಮೇಷ್ಟ್ರಾದವರು. ಬೆಳಗ್ಗೆ ತಾನು ಕಲಿಯುವುದು, ಆಮೇಲೆ ಕಲಿತದ್ದನ್ನೇ ತನಗಿಂತ ಚಿಕ್ಕವರಿಗೆ ಕಲಿಸುವುದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅದೊಂದು ಪದ್ಧತಿ.

ಆಮೇಲೆ ದೂರದ ನಗರದ ಯೂನಿವರ್ಸಿಟಿ. ಊಟಕ್ಕೆ ಮನೆಯಿಂದ ಹೊತ್ತು ತಂದ ಒಂದು ಚೀಲ ಓಟ್ಸ್ ಹಿಟ್ಟು. ಅದನ್ನೇ ಬೆಳಗ್ಗೆ ಅಂಬಲಿ ಮಾಡಿ, ರಾತ್ರಿ ರೊಟ್ಟಿ ಮಾಡಿ ತಿನ್ನುವುದು. ಹಿಟ್ಟು ಮುಗಿದರೆ ಊರಿಗೆ ಹೋಗಿ ಮತ್ತೊಂದು ಚೀಲ ತರಲೆಂದೇ ನಡುವೆ ಒಂದು ರಜೆ ಕೊಡುತ್ತಿದ್ದರಂತೆ. ಗುರುಗಳು ಇದನ್ನು ವಿಚಿತ್ರವೆಂಬಂತೆ ಹೇಳಿದರು. ನನಗೆ ವಿಚಿತ್ರವೇನೂ ಅನ್ನಿಸಲಿಲ್ಲ. ಧಾರವಾಡದಲ್ಲಿ ಓದುವಾಗ ನನ್ನ ರೊಟ್ಟಿ ಗಂಟೂ ಗದಗಿನ ಬಸ್ಸಿನಲ್ಲೇ ಬರುತ್ತಿತ್ತು. ಬಸ್ ತಪ್ಪಿದ ದಿನ ಉಪವಾಸ. ಆ ಹುಡುಗನ ಹೊಟ್ಟೆ ನನಗೆ ಗೊತ್ತು ಅನ್ನಿಸಿತು.

ಟೋಕಿಯೋದ ಕಾಲೇಜಿಗೆ ಗಣಿತ ಕಲಿಸುವವರು ಬೇಕು ಎಂದು ಗೊತ್ತಾದಾಗ ಹಡಗು ಹತ್ತಿದರು. ಒಪ್ಪಂದ ಮುಗಿದ ಮೇಲೆ ಜೊತೆಯವರೆಲ್ಲ ತಮ್ಮ ತಮ್ಮ ಊರಿಗೆ ಹೊರಟರೆ, ಇವರು ಹೊರಡಲಿಲ್ಲ. ಬೆಟ್ಟದ ಬುಡದ ಈ ಊರಿನ ಶಾಲೆಗೆ ಬಂದರು. ಇಲ್ಲಿಯ ಹುಡುಗರು ಮಣಿಚೌಕಟ್ಟಿನ ಮೇಲೆ ಬೆರಳಾಡಿಸಿ, ಇವರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲೇ ಉತ್ತರ ಹೇಳಿಬಿಡುತ್ತಿದ್ದರಂತೆ. ಇವರಿಗೆ ಉತ್ತರ ಬೇಡ, ಯಾಕೆ ಹಾಗೆ ಎಂಬ ಕಾರಣ ಬೇಕು. "ಉತ್ತರ ಬಂದಾಯ್ತಲ್ಲ, ಕಾರಣ ಯಾಕೆ?" ಎಂದು ಹುಡುಗರು. ಇವರು ಕೆಂಡಾಮಂಡಲವಾಗಿ ಸೀಮೆಸುಣ್ಣ ನೆಲಕ್ಕೆ ಬಡಿಯುತ್ತಿದ್ದರು. ಸಂಜೆ ಅದೇ ಹುಡುಗರನ್ನು ಕೂರಿಸಿಕೊಂಡು ಆಲೂಗಡ್ಡೆ ಬೇಯಿಸಿ ಕೊಡುತ್ತಿದ್ದರು. ಜಪಾನಿ ಭಾಷೆ ಕೊನೆಯವರೆಗೂ ನೆಟ್ಟಗೆ ಬರಲಿಲ್ಲ. ಭಾನುವಾರ ಹೊಲದ ಬದುವಿನಲ್ಲಿ ಬೆಟ್ಟಕ್ಕೆ ಎದುರಾಗಿ ಕೂತು ತಮ್ಮ ಭಾಷೆಯಲ್ಲಿ ಒಬ್ಬರೇ ಮಾತಾಡುತ್ತಿದ್ದರು. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದು ಊರಿನವರು ಆ ಕಡೆ ಸುಳಿಯುತ್ತಿರಲಿಲ್ಲವಂತೆ. ಒಂದು ಚಳಿಗಾಲ ಜ್ವರ ಬಂದು ಹೋಗಿಬಿಟ್ಟರು. ಶಿಷ್ಯರು ಸೇರಿ ಕಲ್ಲು ನಿಲ್ಲಿಸಿದರು.

"ಯಾಕೆ ವಾಪಸ್ ಹೋಗಲಿಲ್ಲ?" ಎಂದು ಕೇಳಿದೆ. "ಅದು ಪುಸ್ತಕದಲ್ಲಿಲ್ಲ," ಎಂದರು ಗುರುಗಳು. ನನಗೆ ಪುಸ್ತಕ ಬೇಕಾಗಿರಲಿಲ್ಲ. ಅಲ್ಲಿ ಬಾಗಿಲು ತೆಗೆಯುವವರು ಯಾರೂ ಉಳಿದಿಲ್ಲದಿದ್ದರೆ ವಾಪಸ್ ಎಂದರೆ ಎಲ್ಲಿಗೆ.

ಅಂದಿನಿಂದ ಭಾನುವಾರ ಬಂದರೆ ನನಗೆ ಹೋಗಲು ಒಂದು ಜಾಗ ಸಿಕ್ಕಿತು. ಅವಲಕ್ಕಿಯೋ ಉಪ್ಪಿಟ್ಟೋ ಕಟ್ಟಿಕೊಂಡು ಹೋಗಿ ಕಲ್ಲಿನ ಪಕ್ಕ ಕೂತು ಕನ್ನಡದಲ್ಲಿ ಮಾತಾಡುತ್ತಿದ್ದೆ. ನಾಚಿಕೆ ಏನು ಬಂತು, ಕೇಳುವವರು ಯಾರು. ಭಿನ್ನರಾಶಿ ಎಂದರೆ ನಮ್ಮ ಆರನೇ ಕ್ಲಾಸಿಗೆ ಜ್ವರ ಬರುತ್ತದೆ ಮೇಷ್ಟ್ರೇ ಎಂದು ಶುರುವಾದದ್ದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವ್ವನ ಕೊನೆಯ ದಿನಗಳ ಬಗ್ಗೆ ನಾನು ತಮ್ಮನಿಗೂ ಹೇಳದ ಮಾತುಗಳನ್ನು ಆ ಕಲ್ಲಿಗೆ ಹೇಳಿದ್ದೇನೆ. ಅವರು ಅಡ್ಡ ಮಾತಾಡುತ್ತಿರಲಿಲ್ಲ. ನನ್ನಂಥ ಬಾಯಿಬಡುಕಿಗೆ ಅದಕ್ಕಿಂತ ಇನ್ನೇನು ಬೇಕು.

ಗುರುಪೂರ್ಣಿಮೆಯ ಹೊತ್ತಿಗೆ ನಿಶಿ ಕಸಾಯಿಯ ಇಂಡಿಯನ್ ಅಂಗಡಿಯಿಂದ ತಂದ ಕುಂಕುಮ ಮನೆಯಲ್ಲಿತ್ತು. ಆ ವಾರದ ಭಾನುವಾರ ಅದನ್ನೂ ಹಿಡಿದು ಹೋದೆ. ಕಲ್ಲು ತೊಳೆದು, ಹೂವಿಟ್ಟು, ಮೇಷ್ಟ್ರಿಗೆ ಒಂದು ಬೊಟ್ಟು ಕುಂಕುಮ ಹಚ್ಚಿದೆ. ಒದ್ದೆ ಕಲ್ಲಿನ ಮೇಲೆ ಕುಂಕುಮ ಜಾರಿ ಕೆತ್ತನೆಯ ಗೆರೆಯೊಳಗೆ ಇಳಿಯಿತು. ನೋಡುತ್ತಿದ್ದಂತೆ, ಅಲ್ಲಿಯವರೆಗೆ ನನ್ನ ಕಣ್ಣಿಗೆ ಬೀಳದಿದ್ದ ಒಂದು ಅಕ್ಷರ ಕೆಂಪಗೆ ಎದ್ದು ನಿಂತಿತು. ನನಗೆ ಹುಚ್ಚು ಹಿಡಿದಂತಾಯಿತು. ಬೆರಳಿನಿಂದ ಪಾಚಿ ಕೆರೆದು, ಕುಂಕುಮ ಕಲಸಿ ತುಂಬುತ್ತಾ ಹೋದೆ. ಬಿಸಿಲು ಏರುವಷ್ಟರಲ್ಲಿ ಪೂರ್ತಿ ಹೆಸರು, ಹುಟ್ಟಿದ ಊರು ಎಲ್ಲ ದೂರದಿಂದಲೂ ಓದಬಹುದಾದಷ್ಟು ಕೆಂಪಾಗಿ ಬೆಳಗಿದವು. ಎಷ್ಟು ಖುಷಿಯಾಯಿತೆಂದರೆ ದಾರಿಯುದ್ದಕ್ಕೂ ಹಾಡಿಕೊಂಡು ಸೈಕಲ್ ತುಳಿದೆ.

ಮುಂದಿನ ಭಾನುವಾರ ಹೋದಾಗ ಒಬ್ಬ ಅಜ್ಜಿ ಕಲ್ಲಿನ ಮುಂದೆ ಮಂಡಿಯೂರಿ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ಆ ಕೆಂಪನ್ನು ಉಜ್ಜುತ್ತಿದ್ದರು. ಪಕ್ಕದಲ್ಲಿ ಹಿಂದಿನ ವಾರ ಇಲ್ಲದಿದ್ದ ಒಂದು ಮರದ ಫಲಕ. ನನ್ನನ್ನು ಕಂಡು ಎದ್ದು ನಿಂತು ತಲೆಬಾಗಿದರು. ನಾನೂ ಬಾಗಿದೆ. ನನ್ನ ಜಪಾನಿ ಅಂಗನವಾಡಿ ಮಕ್ಕಳ ಮಟ್ಟದ್ದು. ಅಜ್ಜಿಗೆ ಅದು ತಿಳಿಯಿತೇನೋ, ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಮಾತಾಡಿದರು.

"ಈ ಕೆಂಪು ಬಣ್ಣ ನೀವು ಹಾಕಿದ್ದಾ?"

"ಹೌದು. ನಮ್ಮಲ್ಲಿ ಇದು ಗೌರವ."

"ನಮ್ಮಲ್ಲಿ ಗೋರಿಕಲ್ಲಿನ ಮೇಲೆ ಕೆಂಪು ಹೆಸರು ಅಂದ್ರೆ ಆ ಮನುಷ್ಯ ಇನ್ನೂ ಬದುಕಿದ್ದಾನೆ ಅಂತ. ಬನ್ನಿ, ತೋರಿಸ್ತೀನಿ."

ನಾಲ್ಕು ಸಾಲು ಆಚೆ ಅವರ ಮನೆತನದ ಕಲ್ಲಿತ್ತು. ಅಪ್ಪ, ಅಮ್ಮ, ಗಂಡ ಎಂದು ಒಂದೊಂದು ಹೆಸರನ್ನೂ ಮುಟ್ಟಿ ಹೇಳಿದರು. ಎಲ್ಲ ಬರೀ ಕೆತ್ತನೆ. ಕೊನೆಯದು ಮಾತ್ರ ಕೆಂಪು. "ಇದು ನಾನು. ಸತ್ತ ಮೇಲೆ ಈ ಬಣ್ಣ ತೆಗೀತಾರೆ." ತರಕಾರಿ ರೇಟು ಹೇಳುವಷ್ಟು ಸಲೀಸಾಗಿ ಹೇಳಿದರು. "ಹೋದ ವಾರ ಸೆನ್ಸೇ ಕಲ್ಲು ನೋಡಿ ನನ್ನ ಎದೆ ಧಸಕ್ ಅಂತು. ಇಷ್ಟು ವರ್ಷ ಹೂವಿಟ್ಟೆ, ಈಗ ಎದ್ದು ಬಂದ್ಬಿಟ್ರಾ ಅಂತ."

ಸೆನ್ಸೇಗೆ, ಅಂದರೆ ಮೇಷ್ಟ್ರಿಗೆ, ಹೂವಿಡುತ್ತಿದ್ದವರು ಇವರು. ಇವರ ಮುತ್ತಜ್ಜ ಮೇಷ್ಟ್ರ ಶಿಷ್ಯ. ಮೇಷ್ಟ್ರಿಗೆ ಇಲ್ಲಿ ನೆಂಟರಿಷ್ಟರು ಇಲ್ಲವೆಂದು ಆ ಮನೆಯವರೇ ತಲೆತಲಾಂತರದಿಂದ ತಮ್ಮ ಹಿರಿಯರ ಕಲ್ಲಿನ ಜೊತೆ ಇದನ್ನೂ ತೊಳೆದುಕೊಂಡು ಬಂದಿದ್ದರು. ಅಜ್ಜಿ ಆ ಊರಿನ ಶಾಲೆಯ ಎದುರು ಪೆನ್ಸಿಲ್, ಪುಸ್ತಕದ ಅಂಗಡಿ ಇಟ್ಟಿದ್ದವರು. ಮಕ್ಕಳಿಲ್ಲದೆ ಶಾಲೆ ಮುಚ್ಚಿತು, ಅದರ ಬೆನ್ನಿಗೇ ಅಂಗಡಿಯೂ ಮುಚ್ಚಿತು. ಅವರಿಗೂ ಮಕ್ಕಳಿಲ್ಲ.

"ಈ ಫಲಕದಲ್ಲಿ ಏನಿದೆ?" ಎಂದು ಮೇಷ್ಟ್ರ ಕಲ್ಲಿನ ಬಳಿಗೆ ಮರಳಿದ ಮೇಲೆ ಕೇಳಿದೆ.

"ಶರತ್ಕಾಲದ ಹಿಗಾನ್ ಹೊತ್ತಿಗೆ ಈ ಗೋರಿ ಮುಚ್ತೀವಿ ಅಂತ. ನಮ್ಮ ಮನೆಯದೂ, ಸೆನ್ಸೇಯದೂ. ನನ್ನ ನಂತರ ನೋಡೋರಿಲ್ಲ. ಬಿಟ್ಟು ಹೋದ್ರೆ ಹುಲ್ಲು ಬೆಳೆದು ಇನ್ನೊಬ್ಬರಿಗೆ ತೊಂದರೆ. ನಾನಿರುವಾಗ್ಲೇ ಕಲ್ಲು ತೆಗೆಸಿ, ಇವರನ್ನೆಲ್ಲ ದೇಗುಲದ ಸಾಮೂಹಿಕ ಗೋರಿಗೆ ಸೇರಿಸಿಬಿಡ್ತೀನಿ."

ಹಿಗಾನ್ ಎಂದರೆ ಹಗಲು ರಾತ್ರಿ ಸಮವಾಗುವ ವಾರ; ಇಲ್ಲಿಯವರು ಗೋರಿಗಳಿಗೆ ಹೋಗಿ ಹಿರಿಯರನ್ನು ನೆನೆಯುತ್ತಾರೆ. ಹೆಚ್ಚುಕಡಿಮೆ ನಮ್ಮ ಪಿತೃಪಕ್ಷದ ಹೊತ್ತು. ಆ ಹೊತ್ತಿಗೇ ಮೇಷ್ಟ್ರ ಕಲ್ಲು ಕಿತ್ತುಹಾಕುವುದು ಎಂದರೆ ನನಗೆ ಸಹಿಸಲಾಗಲಿಲ್ಲ. ನನಗಿದ್ದ ಜಾಗ ಅದೊಂದೇ. "ಬೇಡ, ನಾನು ನೋಡ್ಕೋತೀನಿ. ನನಗೆ ಕೊಡಿ," ಎಂದುಬಿಟ್ಟೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮಗೆ ಮಕ್ಕಳಿದ್ದಾರಾ?"

"ಇಲ್ಲ."

"ಅಣ್ಣ ತಮ್ಮ?"

"ಊರಲ್ಲಿ ಒಬ್ಬ ತಮ್ಮ."

"ಅವರ ಮಕ್ಕಳು ಇಲ್ಲಿಗೆ ಬಂದು ಈ ಕಲ್ಲು ತೊಳೀತಾರಾ?"

ತಮ್ಮನ ಮಕ್ಕಳು ನನ್ನ ಹುಟ್ಟುಹಬ್ಬಕ್ಕೇ ಒಂದು ಫೋನ್ ಮಾಡುವುದಿಲ್ಲ.

"ಹಾಗಾದ್ರೆ ಆಗಲ್ಲ," ಎಂದು ಅಜ್ಜಿ ಮತ್ತೆ ಕೂತು ಬ್ರಷ್ ಹಿಡಿದರು. "ಈ ಕೆಂಪು ಬಿಡ್ತಾ ಇಲ್ಲ. ಒಳ್ಳೆ ಬಣ್ಣ."

ನನಗೆ ಮೂಗಿನ ತುದಿಯಲ್ಲೇ ಕೋಪ. ಆ ದಿನ ಅದು ನೆತ್ತಿಗೇರಿತು. ಅಂಗಡಿ ಮುಚ್ಚಿದ ಹಾಗೆ ಮನುಷ್ಯರನ್ನು ಮುಚ್ಚುವುದೇ? ನೇರ ಗುರುಗಳ ಬಳಿ ಹೋಗಿ ವಾದಕ್ಕಿಳಿದೆ. ನಾನೂ ಗಣಿತದವಳು, ನಾನೂ ಪರದೇಶಿ, ನನಗಿಂತ ಹತ್ತಿರದವರು ಅವರಿಗೆ ಯಾರಿದ್ದಾರೆ ಎಂದೆ. ಗುರುಗಳು ಪೂರ್ತಿ ಕೇಳಿಸಿಕೊಂಡು, ನೋಡಿಕೊಂಡು ಬಂದ ಮನೆಯವರ ತೀರ್ಮಾನವೇ ಅಂತಿಮ ಎಂದು ಹೇಳಿ, ಸೊಂಟದ ತನಕ ಬಾಗಿದರು. ಜಪಾನಿನಲ್ಲಿ ಹಾಗೆ ಬಾಗಿದರೆಂದರೆ ಮುಗಿಯಿತು. ಬಾಗಿದ ತಲೆಯ ಜೊತೆ ಜಗಳವಾಡುವುದು ಹೇಗೆ.

ಮನಸ್ಸು ತಡೆಯದೆ ಒಂದು ಶನಿವಾರ ರೈಲು ಬದಲಿಸಿ ಬದಲಿಸಿ ನಿಶಿ ಕಸಾಯಿಗೆ ಹೋದೆ. ಹಳೆಯ ವಿದ್ಯಾರ್ಥಿನಿ ಬಿಸಿಬೇಳೆಬಾತ್ ಮಾಡಿ ಬಡಿಸಿದಳು. ನನ್ನ ಗೋಳು ಕೇಳಿ ಸೌಟು ಹಿಡಿದ ಕೈ ಹಾಗೇ ನಿಂತಿತು.

"ಮಿಸ್, ಬೇಜಾರ್ ಮಾಡ್ಕೋಬೇಡಿ, ಆದ್ರೆ ಇದು ಸ್ವಲ್ಪ ಟೂ ಮಚ್ ಆಯ್ತು. ಯಾರೋ ಗೊತ್ತಿಲ್ದಿರೋ ಬ್ರಿಟಿಷ್ ಮನುಷ್ಯನ ಗೋರಿಗೆ ನೀವ್ಯಾಕೆ ಫೈಟ್ ಮಾಡ್ಬೇಕು?"

"ಸ್ಕಾಟಿಷ್," ಎಂದೆ.

"ಯಾವ್ದೋ ಒಂದು. ಸಂಡೇ ಸಂಡೇ ಇಲ್ಲಿಗೇ ಬಂದ್ಬಿಡಿ ಮಿಸ್. ನಮ್ ಮನೆ ಇಲ್ವಾ?"

ಅವಳ ಪ್ರೀತಿಯಲ್ಲಿ ಕಪಟವಿಲ್ಲ. ಆದರೆ ಆ ಮಾತು ಮುಗಿಯುವ ಮೊದಲೇ ಗಂಡನ ಫೋನ್ ಬಂತು; ಮಗಳ ಈಜಿನ ಕ್ಲಾಸಿಗೆ ಹೊತ್ತಾಗಿತ್ತು. ಆ ಮಗು ನನ್ನ ಕನ್ನಡದ ಮಾತಿಗೆಲ್ಲ ಜಪಾನಿಯಲ್ಲಿ ಉತ್ತರ ಹೇಳಿ, ಬೂಟು ಹಾಕಿಕೊಂಡು ಓಡಿತು. ತುಂಬಿದ ಮನೆಯಲ್ಲಿ ಹೆಚ್ಚಿನ ಕುರ್ಚಿಯಾಗಿ ಎಷ್ಟು ಹೊತ್ತು ಕೂರುವುದು. ಊಟದ ಡಬ್ಬಿ ಕಟ್ಟಿಸಿಕೊಂಡು ವಾಪಸ್ ಬಂದೆ.

ಹಿಗಾನ್ ವಾರದಲ್ಲಿ ಕಲ್ಲು ತೆಗೆಯುವ ದಿನ ಬೆಳಗ್ಗೆ ನಾನು ಹೋಗಬಾರದು ಎಂದೇ ನಿರ್ಧರಿಸಿದ್ದೆ. ಕಾಲು ಕೇಳಲಿಲ್ಲ. ಹೋದಾಗ ಒಂದು ಸಣ್ಣ ಲಾರಿ, ಕಲ್ಲು ತೆಗೆಯುವ ಇಬ್ಬರು ಆಳುಗಳು, ಮಂತ್ರ ಹೇಳುತ್ತಿದ್ದ ಗುರುಗಳು, ಕಪ್ಪು ಉಡುಪಿನಲ್ಲಿ ಅಜ್ಜಿ. ಬೇರೆ ಯಾರೂ ಇರಲಿಲ್ಲ. ಮೊದಲು ಅವರ ಮನೆಯ ಕಲ್ಲು ಎತ್ತಿದರು. ಕೆಂಪು ಹೆಸರು ಹಾಗೇ ಇತ್ತು. ಬದುಕಿರುವ ಅಜ್ಜಿ ತಮ್ಮ ಹೆಸರಿನ ಗೋರಿಕಲ್ಲನ್ನು ಹಗ್ಗ ಕಟ್ಟಿ ಲಾರಿಗೆ ಏರಿಸುವುದನ್ನು ಕೈಕಟ್ಟಿ ನೋಡುತ್ತ ನಿಂತಿದ್ದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು, ಹೋಗಿ ಪಕ್ಕದಲ್ಲಿ ನಿಂತೆ.

ಆಮೇಲೆ ಮೇಷ್ಟ್ರ ಕಲ್ಲು. ಅದರಡಿಯಲ್ಲಿ ಏನೂ ಉಳಿದಿರಲಿಲ್ಲ, ಕಪ್ಪು ಮಣ್ಣಷ್ಟೇ. ಅಂಥ ಕಡೆ ಮೂಳೆಯ ಬದಲು ಒಂದು ಹಿಡಿ ಮಣ್ಣು ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿ ಸಾಮೂಹಿಕ ಗೋರಿಗೆ ಇಡುವುದು ಪದ್ಧತಿ. ಗುರುಗಳು, "ಮನೆಯವರು ಮುಂದೆ ಬನ್ನಿ," ಎಂದರು. ಅಜ್ಜಿ ಬಿಳಿ ಬಟ್ಟೆ ನನ್ನ ಕೈಯಲ್ಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಕೂತು ಮಣ್ಣು ತೆಗೆದೆ. ಅವ್ವನ ಅಸ್ಥಿಯನ್ನು ನನ್ನ ತಮ್ಮ ಹೊಳೆಗೆ ಬಿಟ್ಟಾಗ ನನಗೆ ಕೈ ಮುಟ್ಟಿಸಲೂ ಕೊಟ್ಟಿರಲಿಲ್ಲ. ಮಣ್ಣು ತಣ್ಣಗಿತ್ತು. ಅಳು ಬಂತು, ಅತ್ತೆ. ಯಾರೂ ಬೇಡವೆನ್ನಲಿಲ್ಲ.

ಎಲ್ಲ ಮುಗಿದು ಲಾರಿ ಹೋದ ಮೇಲೆ ಅಜ್ಜಿ ಥರ್ಮಾಸಿನಿಂದ ಬಾರ್ಲಿ ಚಹ ಸುರಿದು ಕೊಟ್ಟರು. ಕಲ್ಲಿದ್ದ ಜಾಗದಲ್ಲಿ ಚೌಕಾಕಾರದ ಹಸಿ ನೆಲ ಕಾಣುತ್ತಿತ್ತು. "ನಿಮಗೆ ನನ್ನ ಮೇಲೆ ಸಿಟ್ಟು," ಎಂದರು.

"ಇತ್ತು. ಕೊಟ್ಟಿದ್ರೆ ನಾನಿರೋ ತನಕ ನೋಡ್ಕೋತಿದ್ದೆ."

"ಗೊತ್ತು. ಅದಕ್ಕೇ ಕೊಡಲಿಲ್ಲ." ಅಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಾನು ಭಕ್ತಿಯಿಂದ ಬರ್ತಿದ್ದೆ ಅಂದ್ಕೊಂಡಿದ್ದೀರಾ? ಗಣಿತ ಕಂಡ್ರೆ ನನಗೆ ಆಗಲ್ಲ. ಚಿಕ್ಕವಳಿದ್ದಾಗ ಅಮ್ಮ ಎಳ್ಕೊಂಡು ಬರ್ತಿದ್ರು, ಬೈಕೊಂಡೇ ಬರ್ತಿದ್ದೆ. ಗಂಡ ಹೋದ ಮೇಲೆ ಮನೇಲಿ ಮಾತಾಡೋಕೆ ಯಾರೂ ಇರಲಿಲ್ಲ. ನಮ್ಮ ಮನೆ ಕಲ್ಲಿನ ಮುಂದೆ ಮಾತಾಡಿದ್ರೆ ಅಪ್ಪ ಅಮ್ಮ ಕೇಳಿಸ್ಕೋತಾರೆ. ಸೆನ್ಸೇಗೆ ಜಪಾನಿ ಬರಲ್ಲ, ಏನು ಬೇಕಾದ್ರೂ ಹೇಳಬಹುದು. ಹಾಗೇ ಹೇಳ್ತಾ ಹೇಳ್ತಾ ಮುದುಕಿಯಾದೆ. ಜೀವಂತ ಇರೋರ ಮನೆಗೆ ಹೋಗೋದೇ ಬಿಟ್ಟೆ."

ಬಾಯಿಗೆ ಒಯ್ದಿದ್ದ ಲೋಟವನ್ನು ನಾನು ಕೆಳಗಿಟ್ಟೆ.

"ನೀವು ಇಲ್ಲಿ ಕೂತು ಮಾತಾಡೋದನ್ನ ಎಷ್ಟೋ ಸಲ ಬೇಲಿ ಆಚೆಯಿಂದ ನೋಡಿದ್ದೀನಿ. ನಿಮ್ಮ ಭಾಷೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೆ ಅದು ಯಾವ ಥರದ ಮಾತು ಅಂತ ಗೊತ್ತಾಯ್ತು. ಸೆನ್ಸೇನ ನಿಮಗೆ ಕೊಟ್ಟಿದ್ರೆ ನೀವೂ ನನ್ನ ಹಾಗೇ ಆಗ್ತಿದ್ರಿ." ಲೋಟ ಕೊಡವಿ ಥರ್ಮಾಸಿಗೆ ಮುಚ್ಚಿದರು. "ಭಾನುವಾರ ನಮ್ಮ ಮನೆಗೆ ಬನ್ನಿ. ಅಂಚೆಡಬ್ಬಿ ಪಕ್ಕದ ಮನೆ. ಮಧ್ಯಾಹ್ನ ಬನ್ನಿ, ಬೆಳಗ್ಗೆ ನನಗೆ ಬಟ್ಟೆ ಒಗೆಯೋದಿರತ್ತೆ."

ಹೋಗಲೋ ಬೇಡವೋ ಎಂದು ವಾರವಿಡೀ ತೊಳಲಾಡಿದೆ. ಜಪಾನಿನವರು ಬನ್ನಿ ಎನ್ನುವುದು ಎಷ್ಟೋ ಸಲ ಬಾಯಿ ಮಾತು, ಹೋದರೆ 'ಬಂದೇಬಿಟ್ಟರಲ್ಲ' ಎಂದು ಗಾಬರಿಯಾಗುತ್ತಾರೆ ಎಂದು ಇಲ್ಲಿಯ ಕನ್ನಡದವರೆಲ್ಲ ಹೇಳುವುದುಂಟು. ಆದರೆ ಬಟ್ಟೆ ಒಗೆಯುವುದನ್ನು ಬಾಯಿ ಮಾತಿಗೆ ಯಾರೂ ಸೇರಿಸುವುದಿಲ್ಲ. ಚಕ್ಕುಲಿ ಕಟ್ಟಿಕೊಂಡು ಹೋದೆ.

ಅಜ್ಜಿ ಬಾಗಿಲು ತೆಗೆದು, ಗೋಡೆಯ ಗಡಿಯಾರ ನೋಡಿ, ಒಳಗೆ ಕರೆದರು. ಚಾಪೆ ಹಾಸಿದ ಕೋಣೆ, ಗಿಡ್ಡ ಮೇಜು, ಎದುರುಬದುರು ಕೂರಲು ಎರಡು ದಿಂಬು. ಒಂದು ಹೊಸದು, ಅಂಗಡಿಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಚಹ ಬಂತು. ಇಬ್ಬರೂ ಕುಡಿದೆವು. ನಾನು ಬಾಯಿ ತೆರೆದೆ, ಅದೇ ಹೊತ್ತಿಗೆ ಅವರೂ ಬಾಯಿ ತೆರೆದರು. ಇಬ್ಬರೂ ನಿಲ್ಲಿಸಿದೆವು. ಮತ್ತೆ ಒಟ್ಟಿಗೇ ಶುರು ಮಾಡಿದೆವು, ಮತ್ತೆ ಒಟ್ಟಿಗೇ ನಿಲ್ಲಿಸಿದೆವು. ಉತ್ತರ ಕೊಡದವರ ಮುಂದೆ ಮಾತಾಡಿ ಮಾತಾಡಿ, ಎದುರಿಗಿರುವವರು ಮಾತಾಡಲಿ ಎಂದು ಕಾಯುವುದೇ ಇಬ್ಬರಿಗೂ ಮರೆತುಹೋಗಿತ್ತು. ನನಗೆ ಭಯವಾಯಿತು. ಚಹ ಮುಗಿಸಿ ಎದ್ದುಬಿಡೋಣ, ಇದು ಆಗುವ ಕೆಲಸವಲ್ಲ ಅನ್ನಿಸಿತು.

ಕಡೆಗೆ ಅಜ್ಜಿ, ನನಗೆ ಹೇಳಿದರೋ ಕಿಟಕಿಗೆ ಹೇಳಿದರೋ, "ಇವತ್ತು ಸೊಂಟ ನೋಯ್ತಾ ಇದೆ," ಎಂದರು.

"ಯಾವ ಕಡೆ?" ಎಂದು ಕೇಳಿದೆ.

ಅವರು ಬೆಚ್ಚಿ ನನ್ನತ್ತ ತಿರುಗಿದರು. ಆ ಮನೆಯಲ್ಲಿ ಅವರ ಮಾತಿಗೆ ತಿರುಗಿ ಮಾತು ಬಂದು ಎಷ್ಟು ಕಾಲವಾಗಿತ್ತೋ. ಕೈಯನ್ನು ಬೆನ್ನ ಹಿಂದೆ ಒಯ್ದು, ಸರಿಯಾಗಿ ಮುಟ್ಟಿ ನೋಡಿಕೊಂಡು, "ಎಡಗಡೆ," ಎಂದರು.